ತಾಂಡೇಲನ ಕುರ್ಚಿ

ಭಟ್ಟರು ಬರುವ ದಿನ ಜಲಜಕ್ಕನ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಅಂದೂ ಹಾಗೆಯೇ, ನಾವುಂದದ ಆ ಮೀನುಗಾರರ ಮನೆಯಲ್ಲಿ ಬೆಳಗಾಗುತ್ತಲೇ ಅಂಗಳ ತೊಳೆದು, ಚಾವಡಿಯಲ್ಲಿ ಮಣೆ ಹಾಕಿ, ಹರಿವಾಣದಲ್ಲಿ ಬಾಳೆಹಣ್ಣು, ವೀಳ್ಯದೆಲೆ ಜೋಡಿಸಿಟ್ಟಾಗಿತ್ತು. ಬಂದವನನ್ನು ಮಣೆಯ ಮೇಲೆ ಕೂರಿಸಿ, ಲೋಟ ತುಂಬ ಬಿಸಿ ಹಾಲು ಕೊಟ್ಟು, ಜಲಜಕ್ಕ ಕೈಮುಗಿದು ನಿಂತರು. ಅವನು ಹಾಲು ಕುಡಿದ, ಬಾಳೆಹಣ್ಣು ತಿಂದ, ಕರವಸ್ತ್ರದಲ್ಲಿ ಮೀಸೆ ಒರೆಸಿಕೊಂಡ. ಆಮೇಲೆ ಕೇಳಿದ.

"ನಾಯಿ ಎಲ್ಲಿತ್ತ್?"

ಜಲಜಕ್ಕನ ಮುಗಿದ ಕೈ ಹಾಗೆಯೇ ನಿಂತಿತು. ಒಳಬಾಗಿಲ ಸಂದಿಯಿಂದ ನೋಡುತ್ತಿದ್ದ ಮಗಳು ಪೂಜಿತಾ ದುಪ್ಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

ತಪ್ಪು ಯಾರದೆಂದು ಹೇಳುವುದು? ಮಗ ಸುಧೀರನ ಹೆಂಡತಿ ಶ್ರೀಲತಾ ತೆಕ್ಕಟ್ಟೆಯ ತವರಿನಿಂದ ಕೂಸನ್ನು ಎತ್ತಿಕೊಂಡು ಬರುವುದರೊಳಗೆ ಮನೆ ಶುದ್ಧವಾಗಲಿ ಎಂದು ಜಲಜಕ್ಕ ಸಾಲಿಗ್ರಾಮದ ಪುರೋಹಿತರೊಬ್ಬರಿಗೆ ಹೇಳಿಕಳಿಸಿದ್ದರು. ಅದೇ ಕೂಸು ಬರುವುದರೊಳಗೆ ಮನೆಯ ನಾಯಿ ಸರಿಯಾಗಲಿ ಎಂದು ಪೂಜಿತಾ ಬೈಂದೂರಿನ ದನದ ಡಾಕ್ಟರ ಹತ್ತಿರ ನಂಬರು ಪಡೆದು, ನಾಯಿಗೆ ಟ್ರೈನಿಂಗ್ ಕೊಡುವವನೊಬ್ಬನಿಗೆ ಫೋನು ಮಾಡಿದ್ದಳು. ಇವನು ಗೇಟಿನಲ್ಲಿ ಬೈಕು ನಿಲ್ಲಿಸಿ, "ಹೃಷಿಕೇಶ ಮಯ್ಯ, ಸಾಲಿಗ್ರಾಮದಿಂದ" ಎಂದ. ಸಾಲಿಗ್ರಾಮದ ಮಯ್ಯರೊಬ್ಬರು ಮೊಗವೀರರ ಮನೆಯ ಮೆಟ್ಟಿಲು ಹತ್ತುವುದಕ್ಕೆ ಜಲಜಕ್ಕನ ಪ್ರಕಾರ ಒಂದೇ ಕಾರಣ ಇರಲು ಸಾಧ್ಯ. ಇನ್ನು ಕೇಳುವುದಾದರೂ ಏನನ್ನು?

"ಹಾಂಗಾರೆ ನೀವ್ ಭಟ್ರ್ ಅಲ್ದಾ?" ಎಂದರು ಜಲಜಕ್ಕ.

"ಅಪ್ಪಯ್ಯ ಭಟ್ರ್. ನಾನ್ ನಾಯಿ ಕಲ್ಸುವವ."

"ಮತ್ತೆ ಹಾಲ್ ಎಂತಕ್ ಕುಡ್ದ್ರಿ?"

"ನೀವ್ ಕೊಟ್ರಿ, ನಾನ್ ಕುಡ್ದೆ. ಬೆಳಿಗ್ಗೆ ತಿಂಡಿ ಆಯ್ಲಿಲ್ಲೆ ಅಮ್ಮ."

ಪೂಜಿತಾಳ ನಗು ದುಪ್ಪಟ್ಟಾದೊಳಗೆ ನಿಲ್ಲಲಿಲ್ಲ. ಅವನು ಸದ್ದು ಬಂದ ಕಡೆ ತಿರುಗಿದ. ಬಾಗಿಲ ಸಂದಿಯಲ್ಲಿ ಅವನಿಗೆ ಕಂಡದ್ದು ನಗೆಯಿಂದ ನೀರು ತುಂಬಿದ ಒಂದು ಕಣ್ಣು, ಒಂದು ಮೂಗುತಿ, ಅಷ್ಟೇ. ಅಷ್ಟಕ್ಕೇ ಅವನು ಮಣೆಯಿಂದ ಏಳುವುದನ್ನು ಮರೆತ. ಅವನು ಮರೆತದ್ದನ್ನು ಅವಳು ನೋಡಿದಳು.

ನಾಯಿ ಬಚ್ಚಲುಮನೆಯಲ್ಲಿತ್ತು. ಭಟ್ಟರಿಗೆ ತೊಂದರೆ ಆಗದಿರಲಿ ಎಂದು ಕೂಡಿಹಾಕಿದ್ದರು. ಪೂಜಿತಾ ಚಿಲಕ ತೆಗೆದದ್ದೇ ತಡ, ಕಂದುಬಣ್ಣದ ದೊಡ್ಡ ದೇಹವೊಂದು ಅವಳನ್ನು ಪಕ್ಕಕ್ಕೆ ನೂಕಿ, ಬಾಗಿಲು ದಾಟಿ, ಮಣೆಯ ಮೇಲಿದ್ದವನಿಗೆ ಒಂದು ಸುತ್ತು ಬಂದು, ಗುರ್ ಎಂದು ಎಚ್ಚರಿಕೆ ಕೊಟ್ಟು, ಚಾವಡಿಯ ಮರದ ಆರಾಮ ಕುರ್ಚಿಯ ಮೇಲೆ ಹತ್ತಿ ಕೂತಿತು. ಮೀನು ಬೇಯದ ದಿನವಾದ್ದರಿಂದ ಅದಕ್ಕೆ ಮೊದಲೇ ಸಿಟ್ಟು ನೆತ್ತಿಗೇರಿತ್ತು.

"ಹೆಸ್ರೆಂತ?"

"ತಾಂಡೇಲ," ಎಂದಳು ಪೂಜಿತಾ.

ತಾಂಡೇಲ ಎಂದರೆ ದೋಣಿಯ ಮುಖಂಡ. ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು, ಯಾವಾಗ ದಡಕ್ಕೆ ತಿರುಗಬೇಕು ಎಂದು ಹೇಳುವವನು. ಅವಳ ಅಪ್ಪಯ್ಯ ಗುಡ್ಡ ಮೊಗವೀರರು ನಿಜವಾದ ತಾಂಡೇಲರೇ ಆಗಿದ್ದರು. ದೋಣಿ ದಡ ಮುಟ್ಟಿದೊಡನೆ ಮೊದಲ ಬಂಗುಡೆಯನ್ನು ಮರಿನಾಯಿಗೆ ಎಸೆದು, "ತಕೊ ತಾಂಡೇಲ" ಎನ್ನುತ್ತಿದ್ದರು. ಅವರು ಹೋಗಿ ಎರಡು ಮಳೆಗಾಲ ಕಳೆದಿತ್ತು. ಮನೆಯವರು ಅಳುವುದನ್ನು ನಿಲ್ಲಿಸಿದ್ದರು. ಮೊದಲ ಬಂಗುಡೆಯನ್ನು ಮಾತ್ರ ನಿಲ್ಲಿಸಿರಲಿಲ್ಲ. ಹುರಿದ ಮೊದಲ ಮೀನು ನಾಯಿಗೆ, ಆಮೇಲೆ ಉಳಿದವರಿಗೆ. ಪೂಜಿತಾ ಮೀನು ಮಾರುವ ಟೆಂಪೋದಲ್ಲಿ ಮುಂದಿನ ಸೀಟು ನಾಯಿಗೆ, ಜಲಜಕ್ಕ ಹಿಂದೆ ಐಸ್ ಬಾಕ್ಸುಗಳ ನಡುವೆ. ಅಪ್ಪಯ್ಯನ ಕುರ್ಚಿಯಂತೂ ಪೂರ್ತಿ ಅದರದ್ದೇ.

ಹೋದ ತಿಂಗಳು ಶ್ರೀಲತಾ ಕೂಸಿನೊಡನೆ ಒಮ್ಮೆ ಬಂದಾಗ ತಾಂಡೇಲ ಹೊಸ್ತಿಲಿಗೆ ಅಡ್ಡ ನಿಂತು ಹಲ್ಲು ತೋರಿಸಿತ್ತು. ಅವಳು ಕೂಸನ್ನು ಅಪ್ಪಿಕೊಂಡು ಅದೇ ರಿಕ್ಷಾದಲ್ಲಿ ವಾಪಸು. ಗಂಗೊಳ್ಳಿಯಲ್ಲಿ ಬೋಟಿನ ಇಂಜಿನು ರಿಪೇರಿ ಮಾಡುವ ಸುಧೀರ ಕಡಿಮೆ ಮಾತಿನವನು. ಅಂದು ಒಂದೇ ಮಾತು ಹೇಳಿದ್ದ. ಹುಣ್ಣಿಮೆ ಕಳೆದ ಬುಧವಾರ ಹೆಂಡತಿ ಮಗು ಬರುತ್ತಾರೆ. ಅಷ್ಟರೊಳಗೆ ಈ ನಾಯಿ ಸರಿಯಾಗದಿದ್ದರೆ ಭೋಜರಾಜ ಮಾವನ ಸಿಗಡಿ ಕೆರೆಗೆ. ಅಲ್ಲಿ ಕಳ್ಳರನ್ನು ಕಾಯಲು ನಾಯಿ ಬೇಕಂತೆ, ಸಂಕೋಲೆಯೂ ತಯಾರಿದೆಯಂತೆ.

"ಅದನ್ನ್ ಕಟ್ಟಿ ಹಾಕ್ರೆ ಅದ್ ಉಣ್ಣುದಿಲ್ಲೆ," ಎಂದಳು ಪೂಜಿತಾ, ಹೃಷಿಕೇಶನಿಗೆ ಇಷ್ಟನ್ನೂ ಹೇಳಿ ಮುಗಿಸಿ. "ಅಪ್ಪಯ್ಯನ ಹಿಂದೆ ಉಳ್ದದ್ದ್ ಅದೊಂದೇ."

ಅವಳು ಈಗ ನಗುತ್ತಿರಲಿಲ್ಲ. ಹೃಷಿಕೇಶ ಕುರ್ಚಿಯನ್ನು ನೋಡಿದ, ನಾಯಿಯನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ.

"ನಾಳೆಯಿಂದ ಬತ್ತೆ," ಎಂದ.

ಪಾಠ ಬಾಗಿಲಿನಿಂದ ಶುರುವಾಯಿತು. ಮನೆಯ ಹಿರಿಯರು ಮೊದಲು ದಾಟಬೇಕು, ನಾಯಿ ಹಿಂದೆ. ಊಟವೂ ಹಾಗೆಯೇ. ಹೊಡೆಯುವುದು, ಎಳೆಯುವುದು ಒಂದೂ ಇಲ್ಲ. ಹೇಳುವವರ ಮನಸ್ಸು ಗಟ್ಟಿ ಇದ್ದರೆ ಸಾಕು ಎಂದು ವಿವರಿಸಿ, ಹೃಷಿಕೇಶ ಹೊಸ್ತಿಲಲ್ಲಿ ಎದೆ ಮುಂದೆ ಮಾಡಿ ನಿಂತು, ಗಂಭೀರ ದನಿಯಲ್ಲಿ "ನಿಲ್ಲ್" ಎಂದ. ತಾಂಡೇಲ ಅವನ ಕಾಲುಗಳ ನಡುವಿನಿಂದಲೇ ನುಗ್ಗಿ ಹೊರಗೆ ಹೋಗಿ, ಅವನ ಬೈಕಿನ ಚಕ್ರಕ್ಕೆ ಕಾಲೆತ್ತಿತು.

"ನಿಮ್ ಸ್ವರ ಸಂಧ್ಯಾವಂದನೆಗ್ ಆತ್ತ್. ನಾಯಿಗ್ ಆತಿಲ್ಲೆ," ಎಂದಳು ಪೂಜಿತಾ.

"ಹಾಂಗಾರೆ ನೀವ್ ಹೇಳಿ ಕಾಂಬ."

ಅವಳು ಟೆಂಪೋದಲ್ಲಿ ಕೂತು ಬೈಂದೂರಿನವರೆಗೆ ಮೀನು ಕೂಗುವವಳು. ಸೊಂಟಕ್ಕೆ ಕೈಯಿಟ್ಟು, "ಹ್ವಾಯ್, ನಿಲ್ಲ್" ಎಂದಳು. ತಾಂಡೇಲ ನಿಂತಿತು. ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ಹುಡುಗನೂ ಬ್ರೇಕು ಹಾಕಿದ. ಹೃಷಿಕೇಶನಿಗಂತೂ ಎತ್ತಿದ ಕಾಲನ್ನು ಕೆಳಗಿಡುವುದಕ್ಕೂ ಧೈರ್ಯ ಬರಲಿಲ್ಲ.

"ನಿಮ್ಗ್ ಹೇಳಿದ್ದಲ್ಲ ಮಾರಾಯ್ರೆ," ಎಂದು ಅವಳು ನಕ್ಕಳು.

"ಗೊತ್ತಿತ್ತ್. ಆದ್ರೂ ನಿಲ್ಲುವ ಅಂತ ಕಂಡ್ತ್," ಎಂದ ಅವನು. ಹೇಳಿ, ಕಿವಿಯವರೆಗೂ ಕೆಂಪಾಗಿ, ನಾಯಿಯ ಹಗ್ಗದಲ್ಲಿ ಇಲ್ಲದ ಗಂಟು ಬಿಚ್ಚತೊಡಗಿದ.

ಅಂದಿನಿಂದ ಪೂಜಿತಾಳ ಕಿವಿ ಹೆದ್ದಾರಿಯ ಕಡೆಗೆ. ನೂರು ಬೈಕುಗಳಲ್ಲಿ ಅವನದ್ದು ಯಾವುದೆಂದು ಸದ್ದಿನಲ್ಲೇ ತಿಳಿಯುತ್ತಿತ್ತು. ವ್ಯಾಪಾರ ಬೇಗ ಮುಗಿಸಿ, ಕೈಗೆ ನಿಂಬೆಹಣ್ಣು ಉಜ್ಜಿ, ಮತ್ತೆ ಉಜ್ಜಿ, ಮಲ್ಲಿಗೆ ಮುಡಿದು, ಕನ್ನಡಿ ನೋಡಿ, ಮಲ್ಲಿಗೆ ತೆಗೆದಿಟ್ಟು, ಏನೂ ಆಗದವಳ ಹಾಗೆ ಅಂಗಳಕ್ಕೆ ಬರುವಷ್ಟರಲ್ಲಿ ಅವಳ ಎದೆ ಚೆಂಡೆ ಬಾರಿಸುತ್ತಿರುತ್ತಿತ್ತು.

ಬಾಗಿಲ ಪಾಠ ಹಿಡಿಯಿತು, ಟೆಂಪೋದ ಸೀಟೂ ಜಲಜಕ್ಕನಿಗೆ ಸಿಕ್ಕಿತು. ಆದರೆ ಕುರ್ಚಿಯ ಹತ್ತಿರ ಬಂದರೆ ಪೂಜಿತಾಳ ದನಿ ಕರಗುತ್ತಿತ್ತು. "ಇಳಿ" ಎನ್ನಲು ಹೋದರೆ ಅದು ಬೇಡಿಕೆಯಾಗಿ ಬರುತ್ತಿತ್ತು. ತಾಂಡೇಲ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

"ನೀವೇ ಇಳ್ಸಿ," ಎಂದಳು ಒಂದು ಮಧ್ಯಾಹ್ನ ಸೋತು.

"ನಾನ್ ಇಳ್ಸಿರೆ ನಾನ್ ಹೋದ್ಮೇಲೆ ಹತ್ತತ್ತ್. ಈ ಮನೆಯವ್ರೇ ಹೇಳ್ಕ್." ಅವನು ಕೇಳಿದ, "ಅಪ್ಪಯ್ಯ ಹೋದ್ಮೇಲೆ ಆ ಕುರ್ಚಿ ಮೇಲೆ ಯಾರಾರೂ ಕೂತಿದ್ರಾ?"

ಯಾರೂ ಕೂತಿರಲಿಲ್ಲ. ಸುಧೀರ ಕೂರುವುದಿಲ್ಲ, ಜಲಜಕ್ಕ ಅದರ ಕಡೆ ನೋಡುವುದೂ ಇಲ್ಲ.

"ಕಾಣಿ, ಅದ್ ಕುರ್ಚಿ ಕಿತ್ಕಂಡದ್ದಲ್ಲ. ನೀವೆಲ್ಲ ಸೇರಿ ಅದನ್ನ್ ಅಲ್ಲಿ ಕೂರ್ಸಿದ್ರಿ. ಮೊದಲ್ನೇ ಮೀನ್ ಕೊಟ್ರಿ, ಮುಂದಿನ ಸೀಟ್ ಕೊಟ್ರಿ. ಈ ಮನೆಗ್ ಇನ್ನ್ ತಾನೇ ದಿಕ್ಕ್ ಅಂದೇಳಿ ಅದ್ ಗ್ರಹಿಸಿತ್ತ್. ಬಪ್ಪವ್ರನ್ನೆಲ್ಲ ತಡೀಕ್, ನಿಮ್ಮೆಲ್ಲರನ್ನೂ ಕಾಯ್ಕ್. ಅದ್ ಸಮಾ ನಿದ್ರೆ ಮಾಡಿದ್ದ್ ಯಾವಾಗ ಕಂಡಿದ್ರಿ?"

ಪೂಜಿತಾ ನಾಯಿಯ ಕಣ್ಣು ನೋಡಿದಳು. ಕೆಂಪಗಿತ್ತು. ಗೇಟಿನಲ್ಲಿ ಒಂದು ಎಲೆ ಬಿದ್ದರೂ ಆ ಕಿವಿಗಳು ನಿಮಿರುತ್ತಿದ್ದವು. ಇಷ್ಟು ದಿನ ಅದನ್ನು ಗತ್ತು ಎಂದುಕೊಂಡಿದ್ದಳಲ್ಲ, ಅದು ದಣಿವು. ಕಣ್ಣೊರೆಸಿಕೊಂಡು, ನೇರ ಹೋಗಿ ಕುರ್ಚಿಯ ಮುಂದೆ ನಿಂತಳು.

"ಇಳಿ ಮಗಾ. ಸಾಕ್. ನಾನ್ ಇದ್ದೆ."

ಕೂಗಲಿಲ್ಲ. ಬಲೆ ಎಳೆಯುವಾಗ ಅಪ್ಪಯ್ಯ ಹೇಗೆ ಹೇಳುತ್ತಿದ್ದರೋ ಹಾಗೆ, ನಿಧಾನವಾಗಿ ಹೇಳಿದಳು. ತಾಂಡೇಲ ಅವಳನ್ನು ಬಹಳ ಹೊತ್ತು ನೋಡಿತು. ಆಮೇಲೆ ಒಂದೊಂದೇ ಕಾಲು ಕೆಳಗಿಟ್ಟು ಇಳಿಯಿತು. ಪೂಜಿತಾ ಅಪ್ಪಯ್ಯನ ಕುರ್ಚಿಯ ಮೇಲೆ ಕೂತಳು. ನಾಯಿ ಅವಳ ಪಾದದ ಮೇಲೆ ಗದ್ದವಿಟ್ಟು ಉದ್ದಕ್ಕೆ ಬಿದ್ದುಕೊಂಡಿತು. ನೋಡನೋಡುತ್ತಿದ್ದಂತೆ ಗೊರಕೆ ಶುರುವಾಯಿತು, ಚಾವಡಿ ಪೂರ್ತಿ ಕೇಳುವಂಥ ಗೊರಕೆ.

ಅಡುಗೆಮನೆಯಿಂದ ಬಂದ ಜಲಜಕ್ಕ ಕುರ್ಚಿಯಲ್ಲಿ ಮಗಳನ್ನು ನೋಡಿ ಬಾಗಿಲಿಗೆ ಒರಗಿ ನಿಂತರು. ಅಂದು ಹುರಿದ ಮೊದಲ ಬಂಗುಡೆ ಪೂಜಿತಾಳ ತಟ್ಟೆಗೆ ಬಿತ್ತು.

ನಾಯಿಯ ಪಾಲನ್ನು ಯಾರು ಕೊಡುವುದು? ಹೊರಗಿನವರ ಕೈಯಿಂದಲೂ ಮರ್ಯಾದೆಯಲ್ಲಿ ತಿನ್ನಲು ಅದು ಕಲಿಯಬೇಕು ಎಂದವನು ಹೃಷಿಕೇಶನೇ. ಹೊರಗಿನವನು ಎಂದು ಅಲ್ಲಿ ಇದ್ದವನೂ ಅವನೊಬ್ಬನೇ. ಪೂಜಿತಾ ಬಂಗುಡೆಯನ್ನು ಮುಂದೆ ಹಿಡಿದಳು. ಹುಟ್ಟಿದಂದಿನಿಂದ ಮೀನು ಮುಟ್ಟದವನು ಅವನು. ಎರಡು ಬೆರಳಲ್ಲಿ ಬಾಲದ ತುದಿ ಹಿಡಿದು, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿದ.

"ಕಣ್ ಬಿಡಿ. ಅದ್ ನಿಮ್ಮನ್ನ್ ಕಚ್ಚುದಿಲ್ಲೆ."

"ನಾಯಿಯಾ, ಮೀನಾ?"

"ಎರಡೂ."

ಅವನು ಕಣ್ಣು ಬಿಟ್ಟ. ಬಿಟ್ಟಾಗ ಎದುರಿಗೆ ಇದ್ದದ್ದು ಅವಳ ಮುಖ, ತೀರ ಹತ್ತಿರ. ಮೀನು ಕೈಯಿಂದ ಯಾವಾಗ ಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ತಾಂಡೇಲ ತಿಂದು ಮುಗಿಸಿ, ಬಾಯಿ ನೆಕ್ಕಿಕೊಂಡು, ಇವರಿಗೇನಾಯಿತು ಎಂದು ನೋಡುತ್ತಿತ್ತು.

ಅವಳು ನಿಂಬೆಹಣ್ಣು ತಂದುಕೊಟ್ಟಳು. ಅವನು ಅದನ್ನು ಉಜ್ಜಿಕೊಳ್ಳದೆ ಜೇಬಿಗೆ ಹಾಕಿಕೊಂಡು ಹೊರಟ.

ಇಷ್ಟೆಲ್ಲ ಒಳ್ಳೆಯದಾಗುತ್ತಿರುವಾಗ ಪೂಜಿತಾಳಿಗೆ ಒಂದು ಚಿಂತೆ ಹತ್ತಿಕೊಂಡಿತು. ನಾಯಿ ಕಲಿತುಬಿಟ್ಟರೆ ಇವನು ಬರುವುದು ಯಾಕೆ? ಸೋಮವಾರ ಹೊರಡುವಾಗ ಅವನು ಹೆಲ್ಮೆಟ್ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಹೇಳಿದ, "ಇನ್ನ್ ನಂದೆಂತದೂ ಇಲ್ಲೆ. ನೀವ್ ಹೇಳಿರೆ ಕೇಳತ್ತ್."

"ಹೌದಾ," ಎಂದಳು ಅವಳು.

ಮಂಗಳವಾರ ಬೆಳಿಗ್ಗೆ ಅವಳು ಮಾಡಬಾರದ ಕೆಲಸ ಮಾಡಿದಳು. ಮೊದಲ ಬಂಗುಡೆ ನಾಯಿಗೆ ಕೊಟ್ಟು, ಕುರ್ಚಿಯನ್ನು ತಟ್ಟಿ, "ಹತ್ತ್" ಎಂದಳು. ತಾಂಡೇಲನಿಗೆ ನಂಬಿಕೆ ಬರಲಿಲ್ಲ. ಅವಳು ಮತ್ತೆ ತಟ್ಟಿದಳು. ಅದು ಹತ್ತಿತು. ಅವಳು ಫೋನು ಮಾಡಿದಳು. "ಕೇಂತಾ? ಮತ್ತೆ ಕುರ್ಚಿ ಹತ್ತಿತ್ತ್ ಕಾಣಿ. ಒಂದ್ಸಲ ಬಪ್ಪುಕ್ ಆತ್ತಾ?"

"ಈಗ್ಳೇ ಬತ್ತೆ," ಎಂದಿತು ಆ ಕಡೆಯ ದನಿ, ಅವಳ ಮಾತು ಮುಗಿಯುವ ಮೊದಲೇ.

ಆದರೆ ಅವನಿಗಿಂತ ಮೊದಲು ಬಂದವನು ಸುಧೀರ. ನಾಳೆ ಹೆಂಡತಿ ಬರುತ್ತಾಳೆಂದು ಅರ್ಧ ದಿನ ರಜೆ ಹಾಕಿ, ತೊಟ್ಟಿಲು ಹೊತ್ತುಕೊಂಡು ಚಾವಡಿಗೆ ಕಾಲಿಟ್ಟ. ಕುರ್ಚಿಯ ಮೇಲಿನ ತಾಂಡೇಲ ಆ ದೊಡ್ಡ ಮರದ ಸಾಮಾನು ನೋಡಿ, ಹಲ್ಲು ತೋರಿಸಿ ಗುರುಗುಟ್ಟಿತು. ಸುಧೀರ ತೊಟ್ಟಿಲು ಕೆಳಗಿಟ್ಟು, ಅಲ್ಲೇ ನಿಂತು ಭೋಜರಾಜ ಮಾವನಿಗೆ ಫೋನು ಹಚ್ಚಿದ.

"ಮಾವ, ಪಿಕಪ್ ಕಳ್ಸಿ. ಹೌದ್, ನಾಯಿಗೇ."

ಅಷ್ಟರಲ್ಲಿ ಬೈಕು ಬಂತು. ಹೃಷಿಕೇಶ ಮೆಟ್ಟಿಲು ಹತ್ತಿ, ಎಲ್ಲರ ಮುಖ ನೋಡಿ, ನಡೆದದ್ದು ಅರ್ಥವಾಗಿ ನಿಂತ.

"ನೀವ್ ಕಲ್ಸಿದ್ದ್ ಸಾಕ್," ಎಂದ ಸುಧೀರ.

"ನನ್ ತಪ್ಪ್ ಸುಧೀರಣ್ಣ," ಎಂದ ಹೃಷಿಕೇಶ. ಅವನ ಮುಖ ಬಿಳಿಚಿತ್ತು. "ಪಾಠ ಗಟ್ಟಿ ಆಯ್ಲಿಲ್ಲೆ. ನಾಯಿ ಎಂತ ಮಾಡತ್ತ್? ಕಲ್ಸುದ್ರಲ್ಲೇ ಬಾಕಿ ಆಯ್ತ್."

ಮಾಡದ ತಪ್ಪನ್ನು ಅವನು ತಲೆಯ ಮೇಲೆ ಹೊತ್ತುಕೊಂಡದ್ದು ನೋಡಿ ಪೂಜಿತಾಳಿಗೆ ತಡೆಯಲಾಗಲಿಲ್ಲ.

"ನಾನೇ ಹತ್ಸಿದ್ದ್," ಎಂದಳು. "ಅದ್ ಇಳ್ದಿತ್ತ್. ನಾನೇ ಕರ್ದ್ ಹತ್ಸಿದೆ."

"ಎಂತಕ್ಕೆ?" ಎಂದ ಸುಧೀರ.

ಅವಳು ದುಪ್ಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ನೆಲ ನೋಡುತ್ತ ಹೇಳಿದಳು, "ಪಾಠ ಮುಗ್ದ್ರೆ ಇವ್ರ್ ಬತ್ರಿಲ್ಲೆ ಅಲ್ದಾ. ಅದ್ಕೆ."

ಜಲಜಕ್ಕನ ಕೈಯಿಂದ ಸೌಟು ಬಿತ್ತು.

ಹೃಷಿಕೇಶನ ಮುಖಕ್ಕೆ ಒಮ್ಮೆಲೇ ಬಣ್ಣ ಬಂತು. "ಪಾಠ ಹೋದ್ ವಾರವೇ ಮುಗ್ದಿತ್ತ್," ಎಂದ ಮೆಲ್ಲಗೆ. "ನಾನೂ ಸುಮ್ನೆ ಬಂದದ್ದ್."

ಸುಧೀರ ತಂಗಿಯನ್ನು ನೋಡಿದ, ಅವನನ್ನು ನೋಡಿದ. "ಹಾಂಗಾರೆ ಕಲಿಯದ್ದ್ ನಾಯಿ ಅಲ್ಲ," ಎಂದ. ತುಟಿಯ ಮೂಲೆಯಲ್ಲಿದ್ದ ನಗುವನ್ನು ಅವನು ಹೊರಗೆ ಬಿಡಲಿಲ್ಲ. "ನಿಮ್ಮಿಬ್ರದ್ದ್ ಆಮೇಲೆ ಕಾಂಬ. ನಂಗೆ ನನ್ ಮಗು ಮುಖ್ಯ. ನಾಳೆ ಪಿಕಪ್ ಗೇಟಲ್ಲಿ ಇರತ್ತ್. ಮಗು ಹೊಸ್ತಿಲ್ ದಾಟುವ ಮೊದ್ಲ್ ಇದ್ ಒಂದ್ ಹೆಜ್ಜೆ ಮುಂದಿಟ್ರೂ ಇದ್ ಕೆರೆಗೆ."

ಅವನು ಒಳಗೆ ಹೋದ ಮೇಲೆ ಪೂಜಿತಾ ತಲೆಯೆತ್ತಿದಳು. ಸಿಹಿಮಾತಿಗೆ ಕಾದಿದ್ದಳು ಎನ್ನುವುದನ್ನು ಮುಚ್ಚಿಡುವುದು ಯಾಕೆ? ಆದರೆ ಹೃಷಿಕೇಶ ನಾಯಿಯ ಹತ್ತಿರ ಮಂಡಿಯೂರಿದ್ದ.

"ನೀವ್ ಮಾಡಿದ್ದ್ ಸರಿ ಅಲ್ಲ," ಎಂದ. "ಇಳಿ ಅಂದ್ರಿ, ನಂಬಿತ್. ಮತ್ತೆ ಹತ್ತ್ ಅಂದ್ರಿ. ಇದ್ ಇನ್ನ್ ಯಾರನ್ನ್ ನಂಬುದ್? ನಾಳೆ ನಾನ್ ಒಳಗ್ ಬತ್ತಿಲ್ಲೆ. ನನ್ನ್ ಮುಖ ಕಂಡ್ ಅದ್ ನಿಲ್ಲುದ್ ಬ್ಯಾಡ. ನೀವೇ ನಿಲ್ಸ್ಕ್."

ಬೈಯಿಸಿಕೊಂಡೂ ಅವಳಿಗೆ ಅವನ ಮೇಲೆ ಪ್ರೀತಿ ಹೆಚ್ಚಾಯಿತು. ಅಂದು ಸಂಜೆಯವರೆಗೆ ಅವಳು ತಾಂಡೇಲನ ಕುತ್ತಿಗೆ ತಬ್ಬಿ ಕೂತು ಕ್ಷಮೆ ಕೇಳಿದಳು, ಮತ್ತೆ ಇಳಿಸಿದಳು, ಮತ್ತೆ ಬಾಗಿಲಲ್ಲಿ ನಿಲ್ಲಿಸಿದಳು.

ಬುಧವಾರ ಬೆಳಿಗ್ಗೆ ಗೇಟಿನ ಒಂದು ಪಕ್ಕದಲ್ಲಿ ಪಿಕಪ್, ಅದರಲ್ಲಿ ಭೋಜರಾಜ ಮಾವ ಮತ್ತು ಸಂಕೋಲೆ. ಇನ್ನೊಂದು ಪಕ್ಕದಲ್ಲಿ ಹೃಷಿಕೇಶ, ಇಸ್ತ್ರಿ ಮಾಡಿದ ಶರ್ಟು, ಬೆವರಿದ ಹಣೆ. ಕಾರು ಬಂತು. ಶ್ರೀಲತಾ ಹಸಿರು ಸೀರೆಯಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು ಇಳಿದಳು. ಜಲಜಕ್ಕ ಆರತಿ ತಟ್ಟೆ ಹಿಡಿದರು. ಹೊಸ್ತಿಲ ಹೊರಗೆ ಒಂದು ಬದಿಗೆ ತಾಂಡೇಲ ಕೂತಿತ್ತು, ಪಕ್ಕದಲ್ಲಿ ಪೂಜಿತಾ. ನಾಯಿಯ ಕೊರಳಿಗೆ ಹಗ್ಗ ಇರಲಿಲ್ಲ.

ಶ್ರೀಲತಾ ಒಂದು ಮೆಟ್ಟಿಲು ಹತ್ತಿ ನಿಂತುಬಿಟ್ಟಳು. "ಹೆದ್ರಿಕೆ ಆತ್ತ್ ಪೂಜಿ."

"ಬನ್ನಿ ಅತ್ಗೆ. ನಾನ್ ಇದ್ದೆ."

ಆ ಹೊತ್ತಿಗೇ ಆರತಿಯ ಹೊಗೆಗೆ ಕೂಸು ಕಿರುಚಿ ಅಳತೊಡಗಿತು. ತಾಂಡೇಲ ದಡಕ್ಕನೆ ಎದ್ದಿತು. ಬೆನ್ನಿನ ಕೂದಲು ನಿಮಿರಿತು. ಸುಧೀರ ಒಂದು ಹೆಜ್ಜೆ ಮುಂದೆ ಬಂದ, ಪಿಕಪ್ಪಿನ ಬಾಗಿಲು ತೆರೆಯಿತು. ಪೂಜಿತಾ ನಾಯಿಯ ಕೊರಳು ಹಿಡಿಯಲಿಲ್ಲ.

"ನಿಲ್ಲ್," ಎಂದಳು, ಅದಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ.

ತಾಂಡೇಲ ಚಾವಡಿಯ ಒಳಗಿನ ಕುರ್ಚಿಯ ಕಡೆ ನೋಡಿತು. ಆಮೇಲೆ ಅವಳ ಕಡೆ ನೋಡಿತು. ನಾಯಿ ನಿಧಾನವಾಗಿ ಕೂತಿತು. ಕೂಸು ಅಳುತ್ತಲೇ ಅದರ ಮೂಗಿನ ಮುಂದಿನಿಂದ ಹಾದು ಹೊಸ್ತಿಲು ದಾಟಿತು, ಹಿಂದೆ ಜಲಜಕ್ಕ, ಹಿಂದೆ ಸುಧೀರ. ಸುಧೀರ ದಾಟುವಾಗ ನಾಯಿಯ ತಲೆಯ ಮೇಲೊಮ್ಮೆ ಕೈಯಾಡಿಸಿದ. ಪೂಜಿತಾ ತಾನೂ ಒಳಗೆ ಕಾಲಿಟ್ಟು, ತಿರುಗಿ, "ಬಾ" ಎಂದಳು. ತಾಂಡೇಲ ಒಂದೇ ನೆಗೆತಕ್ಕೆ ಒಳಗೆ ಬಂದು, ಕೂಸಿನ ಪಾದ ಮೂಸಿ, ಸೀನಿ, ತೊಟ್ಟಿಲ ಕೆಳಗೆ ಉರುಳಿಕೊಂಡಿತು.

"ಹಾಂಗಾರೆ ನಾನ್ ಹೋಪುದಾ?" ಎಂದು ಗೇಟಿನಿಂದ ಭೋಜರಾಜ ಮಾವ ಬೇಸರದಲ್ಲಿ ಕೇಳಿದರು. ಊಟ ಮಾಡಿಯೇ ಹೋಗಬೇಕೆಂದು ಸುಧೀರ ಅವರನ್ನು ಹಿತ್ತಲ ಕಡೆಯಿಂದ ಕರೆದುಕೊಂಡು ಹೋದ.

ಹೃಷಿಕೇಶ ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದ. ಹೊಸ್ತಿಲ ಒಳಗೆ ಅವಳು, ಹೊರಗೆ ಅವನು. ಇಬ್ಬರ ಕಣ್ಣೂ ಒದ್ದೆ, ಇಬ್ಬರಿಗೂ ನಗು.

"ಎಂತಕ್ ಅಲ್ಲೇ ನಿಂತ್ರಿ?"

"ನಂಗ್ ಇನ್ನೂ ಹೇಳ್ಲಿಲ್ಲೆ ಅಲ್ದಾ."

"ನಿಮ್ ಮನೆಲ್ ಎಂತ ಹೇಳ್ತ್ರ್?" ನಗುತ್ತಲೇ ಕೇಳಿದರೂ ಅವಳ ದನಿ ನಡುಗಿತು.

"ಅಮ್ಮನಿಗ್ ನನ್ ಶರ್ಟಲ್ಲಿ ಮೀನಿನ ವಾಸ್ನೆ ಸಿಕ್ಕಿತ್. ಯಾರದ್ದ್ ಅಂತ ಕೇಣ್ತ್ರ್. ಹೇಳ್ದೆ. ಅಪ್ಪಯ್ಯ ಮಾತ್ ಬಿಟ್ರ್. ನಿನ್ನೆ ರಾತ್ರಿ ಊಟಕ್ ಕೂತಾಗ ಒಂದೇ ಮಾತ್ ಕೇಣ್ತ್ರ್."

"ಎಂತ ಕೇಣ್ತ್ರ್?"

"ಆ ನಾಯಿ ಕಚ್ಚತ್ತಾ ಅಂತ." ಅವನು ಜೇಬಿನಿಂದ ಒಣಗಿ ಸುಕ್ಕಾದ ನಿಂಬೆಹಣ್ಣೊಂದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ. "ಪೂಜಿತಾ, ನಾನ್ ಊರೆಲ್ಲ ನಾಯಿಗ್ ಕಲ್ಸುವವ. ನನ್ನನ್ನ್ ನಿಲ್ ಅಂದ್ ನಿಲ್ಸಿದವ್ರ್ ನೀವೊಬ್ರೇ. ಇನ್ನ್ ಎಲ್ಲಿಗೂ ಹೋಪುಕ್ ಮನ್ಸಿಲ್ಲೆ."

ಪೂಜಿತಾ ಮೆಟ್ಟಿಲಿಳಿದು ಬಂದು, ಆ ನಿಂಬೆಹಣ್ಣಿನ ಸಮೇತ ಅವನ ಕೈ ಹಿಡಿದಳು. ಹೊಸ್ತಿಲವರೆಗೆ ಕರೆತಂದು, ತಾನು ಮೊದಲು ದಾಟಿ, ತಿರುಗಿ ನಿಂತು, "ಬಾ" ಎಂದಳು. ಅವನು ದಾಟಿದ.

ಒಳಗೆ ಚಾವಡಿಯಲ್ಲಿ ಜಲಜಕ್ಕ ಮಣೆ ಹಾಕಿ ನಿಂತಿದ್ದರು. ಕೈಯಲ್ಲಿ ಬಿಸಿ ಹಾಲಿನ ಲೋಟ. ಅಡುಗೆಮನೆಯಿಂದ ಬಂಗುಡೆ ಹುರಿಯುವ ಘಮ ಬರುತ್ತಿತ್ತು, ಅದನ್ನು ಇಂದು ಯಾರೂ ನಿಲ್ಲಿಸಿರಲಿಲ್ಲ. ಹೃಷಿಕೇಶ ಕೂತ. ಅವರು ಲೋಟವನ್ನು ಅವನ ಕೈಗೆ ಕೊಟ್ಟರು.

"ಕುಡೀರಿ," ಎಂದರು. "ಈ ಸಲ ತಪ್ಪಿ ಕೊಟ್ಟದ್ದಲ್ಲ."